ನೀರಿಗೆ ಹೆಪ್ಪು

ತಿಳಿಯಾದ ನೀರು ಒಳ್ಳೆಯ ನೀರು ಎಂಬುದು ನಮ್ಮ ಜನರ ಬಹು ಹಳೆಯ ನಂಬಿಕೆ. ಕುಡಿಯುವವನ ಮಟ್ಟಿಗೆ ಅದು ಮುಕ್ಕಾಲು ಪಾಲು ನಿಜವೂ ಹೌದು. ಆದರೆ ನೀರನ್ನು ಕುಡಿಯುವ ಪ್ರಾಣಿಗೂ ನೀರಿನಲ್ಲಿಯೇ ಬಾಳುವ ಪ್ರಾಣಿಗೂ ಇರುವ ಅಂತರವನ್ನು ನಾವು ಮರೆಯುತ್ತೇವೆ. ಪಡಸಾಲೆಗೆ ಹೊಸದಾಗಿ ತಂದ ಗಾಜಿನ ತೊಟ್ಟಿಯನ್ನು ಉಜ್ಜಿ ತೊಳೆದು, ನಲ್ಲಿಯ ನೀರು ತುಂಬಿ, ತಳದಲ್ಲಿ ಬಣ್ಣದ ಕಲ್ಲು ಹರಡಿ, ಅದೇ ಸಂಜೆ ನಾಲ್ಕು ಹೊಂಬಣ್ಣದ ಮೀನುಗಳನ್ನು ಬಿಟ್ಟವರು, ಎಂಟು ಹತ್ತು ದಿನಗಳೊಳಗೆ ಅವುಗಳಲ್ಲಿ ಮೂರನ್ನು ಕಾಗದದಲ್ಲಿ ಸುತ್ತಿ ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂಳಬೇಕಾಗಿ ಬರುವುದು ಅಪರೂಪವಲ್ಲ. ನೀರು ಸ್ಫಟಿಕದಂತಿರುತ್ತದೆ, ಮೀನು ಸತ್ತಿರುತ್ತದೆ. ಇವೆರಡೂ ಏಕಕಾಲದಲ್ಲಿ ಹೇಗೆ ನಿಜವಾದವು ಎಂಬುದೇ ಮನೆಯವರಿಗೆ ಒಗಟು.

ಇಂತಹ ಸಾವಿಗೆ ಮನೆಗೊಂದು ಕಾರಣ ಹುಟ್ಟಿಕೊಳ್ಳುತ್ತದೆ. ಅಂಗಡಿಯವನು ರೋಗದ ಮೀನನ್ನು ಕೊಟ್ಟನೆಂದು ಒಬ್ಬರು. ಮಕ್ಕಳು ಹಿಡಿ ಹಿಡಿ ಮೇವು ಸುರಿದರೆಂದು ಇನ್ನೊಬ್ಬರು. ದೃಷ್ಟಿ ತಾಗಿತೆಂದು ಮತ್ತೊಬ್ಬರು. ವಾಸ್ತುವಿನ ಹೆಸರಿನಲ್ಲಿ ತೊಟ್ಟಿಯನ್ನು ಈಶಾನ್ಯದ ಮೂಲೆಯಲ್ಲಿಡುವ ಪದ್ಧತಿ ಈಚೆಗೆ ಬಂದ ಮೇಲಂತೂ, ಮನೆಗೆ ಬರಲಿದ್ದ ಕೇಡನ್ನು ಮೀನು ತನ್ನ ಮೇಲೆ ಹಾಕಿಕೊಂಡು ಹೋಯಿತೆಂಬ ಸಮಾಧಾನವೂ ಸೇರಿಕೊಂಡಿದೆ. ಈ ಸಮಾಧಾನ ನನಗೆ ಹಿಡಿಸದು. ಮೂಕಪ್ರಾಣಿಯನ್ನು ನಾವೇ ವಿಷದಲ್ಲಿ ಬಿಟ್ಟು, ಅದು ನಮಗಾಗಿ ಪ್ರಾಣ ತೆತ್ತಿತೆಂದು ಹೇಳಿಕೊಳ್ಳುವುದು ಭಕ್ತಿಯೂ ಅಲ್ಲ, ವಿವೇಕವೂ ಅಲ್ಲ. ಮುಂದಿನ ವಾರ ಅದೇ ತೊಟ್ಟಿಗೆ ಇನ್ನು ನಾಲ್ಕು ಮೀನುಗಳು ಬರುತ್ತವೆ. ಇದರಿಂದ ನಷ್ಟವಾಗುವುದು ಅಂಗಡಿಗಂತೂ ಅಲ್ಲ.

ವಿಷವೆಂದೆನಷ್ಟೆ, ಅದು ಹೊರಗಿನಿಂದ ಬಂದುದಲ್ಲ. ಮೀನು ತಿಂದ ಮೇವಿನಲ್ಲಿರುವ ಸಾರಜನಕ ಅದರ ದೇಹದಲ್ಲಿ ಬಳಕೆಯಾಗಿ ಮಿಕ್ಕದ್ದು ಅಮೋನಿಯಾ ಆಗಿ ಹೊರಬೀಳುತ್ತದೆ. ಬಹುಪಾಲು ಕಿವಿರುಗಳ ಮೂಲಕವೇ. ತಿನ್ನದೆ ಉಳಿದ ಮೇವೂ ಕೊಳೆತು ಇದನ್ನೇ ಕೊಡುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ಕೆರೆಯಲ್ಲಾದರೆ ಅಪಾರವಾದ ನೀರಿನಲ್ಲಿ ಕರಗಿ, ಕೆಸರಿಗೂ ಗಿಡಕ್ಕೂ ಪಾಚಿಗೂ ಆಹಾರವಾಗುತ್ತದೆ. ಅರವತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಅಮೋನಿಯಾ ಬಣ್ಣವಿಲ್ಲದ್ದು, ನೀರು ಕಣ್ಣಿಗೆ ತಿಳಿಯಾಗಿಯೇ ಉಳಿಯುತ್ತದೆ. ಮೀನಿನ ಕಿವಿರು ಮಾತ್ರ ಉರಿದು ಕೆಂಪಾಗುತ್ತದೆ.

ಇದರಲ್ಲಿ ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ; ಒಂದು ಬಹುಮಟ್ಟಿಗೆ ಸಾಧು, ಇನ್ನೊಂದು ಘಾತುಕ. ನೀರು ಹುಳಿಗೂ ಕ್ಷಾರಕ್ಕೂ ನಡುವೆ ಸಮವಾಗಿದ್ದಾಗ, ಎಂದರೆ ಪಿ.ಎಚ್. ೭ ಇದ್ದಾಗ, ೨೫ ಡಿಗ್ರಿ ಉಷ್ಣತೆಯಲ್ಲಿ, ಘಾತುಕ ರೂಪದ್ದು ನೂರರಲ್ಲಿ ಅರ್ಧ ಪಾಲಿನಷ್ಟು. ಪಿ.ಎಚ್. ೮ಕ್ಕೆ ಏರಿದರೆ ನೂರರಲ್ಲಿ ಐದು ಪಾಲನ್ನು ದಾಟುತ್ತದೆ. ಹತ್ತು ಮಡಿ ಎನ್ನಬಹುದು. ನೀರು ಬಿಸಿಯಾದಷ್ಟೂ ಈ ಪ್ರಮಾಣ ಹೆಚ್ಚುತ್ತದೆ. ಮಂಡ್ಯ ಮದ್ದೂರುಗಳ ಕಡೆಯ ಕೊಳವೆಬಾವಿಯ ನೀರು ಎಷ್ಟು ಗಡಸೆಂಬುದನ್ನು ಪಾತ್ರೆಯ ತಳದ ಬಿಳಿಯ ಪೊರೆಯನ್ನು ಕೆರೆದಿರುವ ಗೃಹಿಣಿಯರು ಬಲ್ಲರು. ಅಂತಹ ನೀರಿನಲ್ಲಿ ಪಿ.ಎಚ್. ೮ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅದಕ್ಕೆ ಚೈತ್ರ ವೈಶಾಖಗಳ ಬಿಸಿಲು ಕೂಡಿದರೆ, ಬೇರೆ ಊರಿನಲ್ಲಿ ಒಂದು ತಿಂಗಳು ತಡೆದುಕೊಳ್ಳಬಹುದಾಗಿದ್ದ ಮೀನು ಇಲ್ಲಿ ಒಂದು ವಾರದಲ್ಲಿ ಮುಗಿಯುತ್ತದೆ.

ಹಾಗಾದರೆ ವರ್ಷಗಟ್ಟಲೆ ಮೀನುಗಳು ಸುಖವಾಗಿರುವ ತೊಟ್ಟಿಗಳಲ್ಲಿ ಈ ಅಮೋನಿಯಾ ಎಲ್ಲಿಗೆ ಹೋಗುತ್ತದೆ? ಅಲ್ಲಿ ಅದನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಕೊನೆಯ ಈ ನೈಟ್ರೇಟ್ ಬಹುಮಟ್ಟಿಗೆ ನಿರಪಾಯ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಅದು ಹಿಡಿತದಲ್ಲಿರುತ್ತದೆ. ಈ ಜೀವಿಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಕಲ್ಲಿನ ಮೈಗೆ, ಮರಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜಿಗೆ ಲೋಳೆಯಾಗಿ ಅಂಟಿಕೊಂಡಿರುತ್ತವೆ. ನಾವು ಕೊಳೆಯೆಂದು ಉಜ್ಜಿ ತೆಗೆಯುವ ಆ ಕಂದು ಲೋಳೆಯೇ ತೊಟ್ಟಿಯ ಪ್ರಾಣ. ಹೊಸ ತೊಟ್ಟಿಯಲ್ಲಿ ಎಲ್ಲವೂ ಇದೆ, ಈ ಕೊಳೆಯೊಂದಿಲ್ಲ.

ಮೊಸರಿನ ಉಪಮೆಯಿಂದ ಇದು ಸುಲಭವಾಗಿ ಮನವರಿಕೆಯಾಗುತ್ತದೆ. ಹಾಲು ತಾನೇ ಮೊಸರಾಗದು. ಹೆಪ್ಪು ಬೇಕು, ಹದವಾದ ಬಿಸಿ ಬೇಕು, ರಾತ್ರಿಯಷ್ಟು ಹೊತ್ತು ಬೇಕು. ನೀರಿಗೂ ಇವೇ ಮೂರು. ವ್ಯತ್ಯಾಸವಿರುವುದು ಹೊತ್ತಿನಲ್ಲಿ. ಮೊಸರಿನ ಜೀವಾಣುಗಳು ಬೆಚ್ಚಗಿನ ಹಾಲಿನಲ್ಲಿ ಸುಮಾರು ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ಅಮೋನಿಯಾ ತಿನ್ನುವವು ಇಮ್ಮಡಿಯಾಗಲು ಅನುಕೂಲವಾದ ಸ್ಥಿತಿಯಲ್ಲಿಯೂ ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಆದುದರಿಂದ ಮೊಸರಿಗೆ ಒಂದು ರಾತ್ರಿ ಸಾಕಾದರೆ ತೊಟ್ಟಿಗೆ ನಾಲ್ಕರಿಂದ ಆರು ವಾರ. ಇಂಗ್ಲಿಷಿನಲ್ಲಿ ಈ ಕಾಯುವಿಕೆಗೆ ಸೈಕ್ಲಿಂಗ್ ಎನ್ನುತ್ತಾರೆ. ಸಾರಜನಕದ ಚಕ್ರ ತಿರುಗತೊಡಗುವುದು ಎಂಬ ಅರ್ಥದಲ್ಲಿ. ನಮ್ಮ ಭಾಷೆಯಲ್ಲಿ ಹೆಪ್ಪೆಂಬ ಮಾತು ಇರುವಾಗ ಅದನ್ನು ಆ ಕಡೆಯಿಂದ ಹೊತ್ತು ತರುವ ಶ್ರಮವೇಕೆ?

ಈ ಜ್ಞಾನ ಮನುಷ್ಯನಿಗೆ ದಕ್ಕಿದ ಬಗೆಯಲ್ಲಿ ಒಂದು ಮನೆತನದ ಸ್ವಾರಸ್ಯವಾದ ಕಥೆಯಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತ ೧೮೪೯ರಲ್ಲಿ ಸುಮಾರು ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟ. ಗಿಡದ ಎಲೆ ಕೊಳೆತು ನೀರು ಕೆಟ್ಟಾಗ, ಕೊಳೆತುದನ್ನು ತಿನ್ನಲೆಂದು ಬಸವನಹುಳುಗಳನ್ನು ಸೇರಿಸಿದ. ನೀರು ತಿಳಿಯಾಯಿತು, ಮೀನು ಬದುಕಿತು. ೧೮೫೦ರಲ್ಲಿ ಇದನ್ನು ಪ್ರಕಟಿಸಿದಾಗ ಆತ ಕೊಟ್ಟ ವಿವರಣೆ ಉಸಿರಿನದು: ಮೀನು ಬಿಟ್ಟ ಗಾಳಿಯನ್ನು ಗಿಡ ಹೀರುತ್ತದೆ, ಗಿಡ ಬಿಟ್ಟದ್ದನ್ನು ಮೀನು ಹೀರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧದ ಬಹುಭಾಗವನ್ನು ಕಂಡವನು ಅವನ ಮಗ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್. ರೊಥಾಮ್‌ಸ್ಟೆಡ್ ಎಂಬಲ್ಲಿಯ ಹೆಸರಾಂತ ಕೃಷಿ ಪ್ರಯೋಗಶಾಲೆಯಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯಾ ನೈಟ್ರೇಟಾಗುವುದು ಎರಡು ಮೆಟ್ಟಿಲುಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ಎಂದು ಆತ ತೋರಿಸಿಕೊಟ್ಟ. ತಂದೆ ೧೮೬೭ರಲ್ಲಿಯೇ ತೀರಿಕೊಂಡಿದ್ದ. ತನ್ನ ಮೀನುಗಳು ಬದುಕಿದ್ದರ ಪೂರ್ಣ ಕಾರಣ ಅವನಿಗೆ ತಿಳಿಯಲೇ ಇಲ್ಲ.

ಮಗನ ಕೆಲಸಕ್ಕೆ ದಾರಿ ತೋರಿದ್ದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರ ೧೮೭೭ರ ಪ್ರಯೋಗ. ಅವರು ಉದ್ದವಾದ ಕೊಳವೆಯೊಂದರಲ್ಲಿ ಮರಳು ತುಂಬಿ, ಮೇಲಿನಿಂದ ಚರಂಡಿಯ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಅಮೋನಿಯಾ ಅಮೋನಿಯಾ ಆಗಿಯೇ ಕೆಳಗೆ ಬಿತ್ತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ಅಮೋನಿಯಾ ಮಾಯವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಏಕೆ ಕಾಯಬೇಕಿತ್ತು? ಕೊಳವೆಯೊಳಕ್ಕೆ ಕ್ಲೋರೋಫಾರಂ ಆವಿಯನ್ನು ಬಿಟ್ಟು ನೋಡಿದರು, ಕ್ರಿಯೆ ನಿಂತುಹೋಯಿತು. ಆವಿಯನ್ನು ತೆಗೆದ ಮೇಲೆ ವಾರಗಳು ಕಳೆದರೂ ಅದು ಮರುಕಳಿಸಲಿಲ್ಲ. ಕೊನೆಗೆ ಫಲವತ್ತಾದ ಸ್ವಲ್ಪ ಮಣ್ಣನ್ನು ನೀರಿನಲ್ಲಿ ಕದಡಿ ಆ ನೀರನ್ನು ಸುರಿದರು. ಕೆಲವೇ ದಿನಗಳಲ್ಲಿ ಕೆಲಸ ಮತ್ತೆ ಆರಂಭವಾಯಿತು. ಹೊಸ ತೊಟ್ಟಿಯನ್ನಿಡುವವನು ತಿಳಿಯಬೇಕಾದುದೆಲ್ಲ ಈ ಒಂದು ಪ್ರಯೋಗದಲ್ಲಿದೆ: ಕಾಯುವಿಕೆ, ಔಷಧದಿಂದ ಆಗುವ ನಾಶ, ಹೆಪ್ಪು. ೧೮೯೦ರ ಹೊತ್ತಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ. ಸಾವಯವ ಆಹಾರ ಕೊಟ್ಟರೆ ಅವು ಬೆಳೆಯುತ್ತಿರಲಿಲ್ಲ. ಅದನ್ನು ಕೊಡದೆ ಬಿಟ್ಟಾಗ ಬೆಳೆದವು. ಈಚಿನ ಶೋಧಗಳೂ ಮೀನುತೊಟ್ಟಿಗಳಿಗೆ ಋಣಿ. ೨೦೦೫ರಲ್ಲಿ ಅಮೋನಿಯಾ ತಿನ್ನುವ ಹೊಚ್ಚ ಹೊಸ ಕುಲದ ಜೀವಿಯೊಂದು ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಕಲ್ಲುಮರಳಿನಲ್ಲಿಯೇ ಸಿಕ್ಕಿತು. ೨೦೧೫ರಲ್ಲಿ ಎರಡು ಮೆಟ್ಟಿಲುಗಳನ್ನೂ ಒಂದೇ ಜೀವಿ ಹತ್ತಬಲ್ಲದೆಂದು ಗೊತ್ತಾಯಿತು. ಅದನ್ನು ಕಂಡ ಎಡೆಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಒಂದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಈ ಜೀವಿಗಳು ಮಾಡಿಟ್ಟ ಪದಾರ್ಥವನ್ನು ನಮ್ಮ ಹಳೆಯ ಮೈಸೂರು ಸೀಮೆಯವರು ಸೂಕ್ಷ್ಮದರ್ಶಕದ ನೆರವಿಲ್ಲದೆಯೇ ಬಳಸಿದ್ದರು. ದನದ ಕೊಟ್ಟಿಗೆಯ ನೆಲದ, ಹಳೆಯ ಮಣ್ಣುಗೋಡೆಯ ಬುಡದ ಮಣ್ಣನ್ನು ಕೆರೆದು, ನೀರಿನಲ್ಲಿ ನೆನೆಸಿ ಸೋಸಿ, ಕುದಿಸಿ ಪಡೆಯುವ ಪೆಟ್ಲುಪ್ಪು ನೈಟ್ರೇಟಲ್ಲದೆ ಬೇರೆಯಲ್ಲ. ದನದ ಗಂಜಲದಲ್ಲಿ ಹುಟ್ಟಿದ ಅಮೋನಿಯಾವನ್ನು ಇದೇ ಜೀವಿಗಳು ಮಣ್ಣಿನಲ್ಲಿ ಅರೆದು ನೈಟ್ರೇಟ್ ಮಾಡುತ್ತಿದ್ದವು. ಬಂದೂಕಿನ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಶ್ರೀರಂಗಪಟ್ಟಣದಿಂದ ಟಿಪ್ಪುವಿನ ಸೈನ್ಯ ಹಾರಿಸಿದ ಕಬ್ಬಿಣದ ಬಾಣಬಿರುಸುಗಳ ಹಿಂದೆ, ೧೭೯೯ರ ಮಾರ್ಚಿಯಲ್ಲಿ ಮಳವಳ್ಳಿಯ ಬಯಲಿನಲ್ಲಿ ನಡೆದ ಕಾಳಗದ ಹೊಗೆಯ ಹಿಂದೆ, ಈ ಬಡಪಾಯಿ ಜೀವಾಣುಗಳ ದುಡಿಮೆಯಿತ್ತು. ಮದ್ದೂರಿನ ಹೆಸರನ್ನೂ ಈ ಮದ್ದಿಗೇ ಗಂಟುಹಾಕುವ ಮಾತು ಜನರಲ್ಲಿ ಪ್ರಚಾರದಲ್ಲಿದೆ. ಊರು ಟಿಪ್ಪುವಿಗಿಂತ ಬಹಳ ಹಳೆಯದಾದುದರಿಂದ ಭಾಷಾಶಾಸ್ತ್ರದ ಮುಂದೆ ಆ ಮಾತು ನಿಲ್ಲದು. ಆದರೂ ಕೇಳಲು ಚೆನ್ನಾಗಿದೆ.

ಮೀನು ಸಾಕುವ ರೈತನಿಗೂ ಕಾಯುವುದು ಹೊಸತಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಹೊಂಡ ತೋಡಿ ಕಾಟ್ಲಾ, ರೋಹು, ಗೆಂಡೆಗಳನ್ನು ಬೆಳೆಸುವವರು ನೀರು ತುಂಬಿದ ದಿನವೇ ಮರಿ ಬಿಡುವುದಿಲ್ಲ. ಹೊಂಡವನ್ನು ಒಣಗಿಸಿ, ಸುಣ್ಣ ಎರಚಿ, ಸಗಣಿಗೊಬ್ಬರ ಹಾಕಿ, ನೀರು ತುಂಬಿ ಹದಿನೈದು ದಿನ ಬಿಡುತ್ತಾರೆ. ನೀರು ಹಸಿರು ತಿರುಗಿದ ಮೇಲೆ ಮರಿಗಳ ಸರದಿ. ಅವರ ಮುಖ್ಯ ಉದ್ದೇಶ ಮರಿಗಳಿಗೆ ಬೇಕಾದ ಸೂಕ್ಷ್ಮ ಆಹಾರವನ್ನು ಬೆಳೆಸುವುದು. ಅಮೋನಿಯಾವನ್ನು ನೋಡಿಕೊಳ್ಳುವ ಭಾರವನ್ನು ಕೆಸರು ಮತ್ತು ಪಾಚಿ ತಾವಾಗಿಯೇ ಹೊರುತ್ತವೆ. ಮದ್ದೂರು ಕೆರೆಗೂ ಸೂಳೆಕೆರೆಗೂ ಯಾರೂ ಹೆಪ್ಪು ಹಾಕಬೇಕಾಗಿಲ್ಲ. ಅವುಗಳ ತಳದ ಕೆಸರೇ ಶತಮಾನಗಳ ಹೆಪ್ಪು. ಮೀನಿನ ಮೇವನ್ನು ಕುರಿತು ನಮ್ಮಲ್ಲಿ ಹಿಂದಿನಿಂದಲೂ ಚಿಂತನೆಯಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವೇ ಇದೆ. ಅದು ಗಾಳ ಹಾಕುವ ವಿನೋದ, ಸಾಕುವುದಲ್ಲ.

ಕೆರೆಯ ನೀರನ್ನು ಬಿಟ್ಟು ನಲ್ಲಿಯ ನೀರಿಗೆ ಬರೋಣ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನು ಶುದ್ಧಿಮಾಡಿ, ಸುಮಾರು ೧೦೦ ಕಿಲೋಮೀಟರ್ ದೂರದ ಬೆಂಗಳೂರಿಗೆ ಎತ್ತಿ ಕಳುಹಿಸುತ್ತಾರೆ. ೧೯೭೪ರಲ್ಲಿ ಆರಂಭವಾದ ಈ ಯೋಜನೆಯ ಐದನೆಯ ಹಂತ ೨೦೨೪ರಲ್ಲಿ ಉದ್ಘಾಟನೆಗೊಂಡಿತು. ಬೆಂಗಳೂರಿನ ಅದೆಷ್ಟು ಗಾಜಿನ ತೊಟ್ಟಿಗಳಲ್ಲಿ ನಮ್ಮ ತಾಲ್ಲೂಕನ್ನು ಹಾದುಹೋದ ನೀರಿದೆಯೋ! ಆ ನೀರಿಗಾಗಲಿ ನಮ್ಮ ಪೇಟೆಗಳ ನೀರಿಗಾಗಲಿ ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ ಬೆರೆಸಿರುತ್ತಾರೆ. ಮನುಷ್ಯನಿಗೆ ಅದು ರಕ್ಷೆ. ತೊಟ್ಟಿಯ ಜೀವಾಣುಗಳಿಗೆ ಅದೇ ಶ್ಲೋಸಿಂಗನ ಕ್ಲೋರೋಫಾರಂ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ನೀರನ್ನು ತೆರೆದಿಟ್ಟರೆ, ಅಥವಾ ಅಂಗಡಿಯಲ್ಲಿ ದೊರೆಯುವ ಕ್ಲೋರಿನ್ ನಿವಾರಕದ ಹನಿಗಳನ್ನು ಹಾಕಿದರೆ ದೋಷ ಹೋಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇರದು. ಆದರೆ ಗೊಬ್ಬರ ಧಾರಾಳವಾಗಿ ಬೀಳುವ ಕಬ್ಬು ಭತ್ತಗಳ ಸೀಮೆಯಲ್ಲಿ ನೆಲದ ನೀರಿನಲ್ಲಿಯೇ ನೈಟ್ರೇಟ್ ಇರಬಹುದು. ತೊಟ್ಟಿಗೆ ತುಂಬುವ ಮೊದಲು ಪರೀಕ್ಷಿಸುವುದು ಲೇಸು.

ಮದ್ದೂರಿನ ನಮ್ಮ ಬಂಧುಗಳ ಮನೆಯಲ್ಲಿ ಈ ವಿದ್ಯೆ ಪ್ರಯೋಗಕ್ಕೆ ಬಂದುದನ್ನು ಇಲ್ಲಿ ಹೇಳಬಹುದು. ಆ ಮನೆಯ ಹತ್ತು ವರ್ಷದ ಹುಡುಗನ ಐದು ಮೀನುಗಳು ಹಿಂದಿನ ವರ್ಷ ಒಂದೇ ವಾರದಲ್ಲಿ ಸತ್ತಿದ್ದವು. ಅವನು ಎರಡು ದಿನ ಊಟ ಬಿಟ್ಟಿದ್ದ; ಆಮೇಲೆ ಬರಿದಾದ ತೊಟ್ಟಿಯತ್ತ ತಿರುಗಿಯೂ ನೋಡಿರಲಿಲ್ಲ. ಈ ಸಲ ಅವನ ಸೋದರಮಾವ ವಿಧಿಪೂರ್ವಕವಾಗಿ ತೊಡಗಿದರು. ಮೀನಿಲ್ಲದ ನೀರಿನಲ್ಲಿ ಜೀವಾಣುಗಳಿಗೆ ಮೇವು ಬೇಕಲ್ಲ! ಒಂದು ಚಿಟಿಕೆ ಮೀನಿನ ಆಹಾರವನ್ನು ದಿನವೂ ಹಾಕಿ ಕೊಳೆಯಲು ಬಿಡುವುದು ಸುಲಭದ ದಾರಿ. ಲೆಕ್ಕ ಹಿಡಿಯಬೇಕೆನ್ನುವವರು ಶುದ್ಧವಾದ ಅಮೋನಿಯಂ ಕ್ಲೋರೈಡನ್ನು ಬಳಸುತ್ತಾರೆ. ಕಲಾಯಿ ಹಾಕುವವರು ಬಿಸಿ ಪಾತ್ರೆಯ ಮೇಲೆ ಉಜ್ಜುತ್ತಿದ್ದ ನವಸಾಗರವೇ ಅದು. ಇಲ್ಲಿ ಬೇಕಾಗುವುದು ಪ್ರಯೋಗಶಾಲೆಗೆ ಒದಗಿಸುವಂತಹ ಬೆರಕೆಯಿಲ್ಲದ ಪುಡಿ. ೧೦೦ ಲೀಟರ್ ನೀರಿಗೆ ಸುಮಾರು ೦.೬ ಗ್ರಾಂ ಹಾಕಿದರೆ, ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಅಷ್ಟು ಸಾಕು, ಹೆಚ್ಚಾದರೆ ಜೀವಾಣುಗಳಿಗೇ ಅಜೀರ್ಣ.

ಮೊದಲ ವಾರ ಪರೀಕ್ಷೆಯ ಬಣ್ಣ ಬದಲಾಗಲಿಲ್ಲ. ಹುಡುಗನಿಗೆ ತಾಳ್ಮೆ ತಪ್ಪಿತು. “ಬರೀ ನೀರ್ ನೋಡೋಕಾ ತೊಟ್ಟಿ ತಂದದ್ದು, ಅಜ್ಜಿ?” ಎಂದು ಗೊಣಗಿದ. ಅಜ್ಜಿಗೆ ನೈಟ್ರೈಟೂ ಗೊತ್ತಿಲ್ಲ, ನೈಟ್ರೇಟೂ ಗೊತ್ತಿಲ್ಲ. “ಹಾಲ್ಗೆ ಹೆಪ್ಪಾಕಿದ್ ಮ್ಯಾಲೆ ಬೆಳಗಾಗೋಗಂಟ ಮುಟ್ಬಾರ್ದು ಕಣ್ ಮಗ, ನೀರ್ಗೂ ಅಂಗೇ ಅಂದ್ಕೋ” ಎಂದರು. ಅಲ್ಲಿಗೇ ನಿಲ್ಲದೆ, “ಹೆಪ್ಪು ಯಾವ ಮನೇಲಿ ಸಿಕ್ತದೆ ಯೋಳಿ, ಈಸ್ಕೊಂಬರಾನ” ಎಂದೂ ಕೇಳಿದರು. ಮಾವನಿಗೆ ಹೊಳೆಯದಿದ್ದುದು ಅದೇ. ಎರಡು ಬೀದಿಯಾಚೆ ಎಷ್ಟೋ ವರ್ಷದ ತೊಟ್ಟಿಯಿದ್ದ ಮನೆಯೊಂದಿತ್ತು. ಅಲ್ಲಿಯ ಫಿಲ್ಟರಿನ ಸ್ಪಂಜಿನಲ್ಲಿ ಅಂಗೈಯಗಲ ಕತ್ತರಿಸಿ, ಒಣಗದಂತೆ ಅದೇ ತೊಟ್ಟಿಯ ನೀರಿನಲ್ಲಿ ಅದ್ದಿ, ಮುಚ್ಚಿದ ಡಬ್ಬಿಯಲ್ಲಿ ತಂದು ಹೊಸ ಫಿಲ್ಟರಿನಲ್ಲಿ ಸಿಕ್ಕಿಸಿದರು. ರೋಗವಿಲ್ಲದ ತೊಟ್ಟಿಯಿಂದ ತಂದರೆ ಮಾತ್ರ ಇದು ಕ್ಷೇಮ. ಮೀನಿನ ರೋಗವೂ ಹೆಪ್ಪಿನೊಡನೆ ಬರಬಲ್ಲದು.

ನಾಲ್ಕೈದು ದಿನಗಳಲ್ಲಿ ಅಮೋನಿಯಾ ಇಳಿಯತೊಡಗಿತು. ಎಡವುವವರು ಬಹುಮಂದಿ ಎಡವುವುದು ಇಲ್ಲಿಯೇ. ಅಮೋನಿಯಾ ಸೊನ್ನೆಯಾದೊಡನೆ ಹಬ್ಬವೆಂದು ಮೀನು ತರುತ್ತಾರೆ. ಆಗ ತೊಟ್ಟಿಯ ತುಂಬ ನೈಟ್ರೈಟ್ ಇರುತ್ತದೆ. ಎರಡನೆಯ ಬಗೆಯ ಜೀವಿಗಳು ತಮ್ಮ ಮೇವು ಹುಟ್ಟಿದ ಮೇಲಷ್ಟೇ ಹೆಚ್ಚಬಲ್ಲವು. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿ, ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಸಿದುಕೊಳ್ಳುತ್ತದೆ; ರಕ್ತ ಕಂದಾಗುತ್ತದೆ. ನೀರಿನಲ್ಲಿ ಬೇಕಾದಷ್ಟು ಗಾಳಿಯಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಮನೆಯವರು ಗಾಳಿಯ ಪಂಪನ್ನು ಇನ್ನೊಂದು ಸುತ್ತು ಜೋರುಮಾಡುತ್ತಾರೆ. ಪಂಪಿನಿಂದ ವಾಸಿಯಾಗುವ ಉಬ್ಬಸ ಅದಲ್ಲ. ಅಂತಹ ಅವಸರದ ಸಮಯದಲ್ಲಿ ನೀರನ್ನು ಧಾರಾಳವಾಗಿ ಬದಲಾಯಿಸಿ, ಸ್ವಲ್ಪ ಉಪ್ಪು ಬೆರೆಸುವುದು ಉಪಾಯ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ಮೀನೇ ಇಲ್ಲದ ತೊಟ್ಟಿಯಲ್ಲಿ ಈ ಗಾಬರಿಯೇ ಇಲ್ಲ. ನೈಟ್ರೈಟ್ ಏರಲಿ, ಇಳಿಯಲಿ, ಸಾಯುವವರು ಯಾರು?

ನಮ್ಮ ಗಡಸುನೀರಿನ ಗುಣವೊಂದು ಈ ಹಂತದಲ್ಲಿ ಬೆಳಕಿಗೆ ಬರುತ್ತದೆ. ಅಮೋನಿಯಾ ಕರಗುತ್ತ ಹೋದಂತೆ ನೀರು ಹುಳಿಯಾಗುತ್ತದೆ. ಮೆದುನೀರಿನಲ್ಲಿ ಹುಳಿ ಹೆಚ್ಚಾಗಿ ಜೀವಾಣುಗಳ ಕೆಲಸ ನಡುವೆಯೇ ನಿಂತುಬಿಡುವುದುಂಟು. ಗಡಸುನೀರಿನ ಕ್ಷಾರ ಈ ಹುಳಿಯನ್ನು ನುಂಗಿಕೊಳ್ಳುತ್ತದೆ. ಮೀನಿಗೆ ಅಮೋನಿಯಾವನ್ನು ಹೆಚ್ಚು ವಿಷವಾಗಿಸಿದ ನೀರೇ ಆ ವಿಷವನ್ನು ತಿನ್ನುವವುಗಳಿಗೆ ಹಿತವಾದದ್ದು.

ಮದ್ದೂರಿನ ತೊಟ್ಟಿಗೆ ಹೆಪ್ಪು ಬಿದ್ದ ಮೇಲೆ ಹಿಡಿದದ್ದು ಹದಿನೇಳು ದಿನ. ರಾತ್ರಿ ಹಾಕಿದ ಎರಡು ಮಿಲಿಗ್ರಾಂ ಲೆಕ್ಕದ ಅಮೋನಿಯಾ ಮರುದಿನ ರಾತ್ರಿಗೆ ಮಾಯವಾಗಿ, ನೈಟ್ರೈಟೂ ಸೊನ್ನೆಯಾದಾಗ, ಅರ್ಧಕ್ಕಿಂತ ಹೆಚ್ಚು ನೀರನ್ನು ಬದಲಾಯಿಸಿ, ಹುಡುಗನನ್ನು ಅಂಗಡಿಗೆ ಕರೆದೊಯ್ದರು. ತಂದದ್ದು ಮೂರೇ ಮೀನು. ಎಲ್ಲವನ್ನೂ ಒಂದೇ ದಿನ ತುಂಬಿದರೆ ಜೀವಾಣುಗಳಿಗೆ ಹೊರೆ ಹೆಚ್ಚಾಗುತ್ತದೆ. ವಿದ್ಯುತ್ತು ಗಂಟೆಗಟ್ಟಲೆ ಹೋಗುವ ದಿನಗಳಲ್ಲಿ ಸ್ಪಂಜನ್ನು ಮುಚ್ಚಿದ ಫಿಲ್ಟರಿನಿಂದ ತೆಗೆದು ತೊಟ್ಟಿಯ ನೀರಿನಲ್ಲಿಯೇ ತೇಲಬಿಡುತ್ತಾರೆ. ಉಸಿರಾಡುವ ಜೀವಿಗಳಾದುದರಿಂದ ನಿಂತ ನೀರಿನ ಡಬ್ಬಿಯಲ್ಲಿ ಅವು ಉಸಿರುಗಟ್ಟಿ ಸಾಯುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಗುತ್ತದೆ. ತಿಂಗಳಿಗೊಮ್ಮೆ ಸ್ಪಂಜನ್ನು ಹಿಂಡುವುದು ಆ ತೆಗೆದ ನೀರಿನಲ್ಲಿಯೇ. ನಲ್ಲಿಯ ಕೆಳಗೆ ಹಿಡಿದು ತೊಳೆಯಕೂಡದೆಂದು ಹುಡುಗನೇ ಚೀಟಿ ಬರೆದು ಗಾಜಿಗೆ ಅಂಟಿಸಿದ್ದಾನೆ. ತೊಳೆಯ ಎಂಬಲ್ಲಿ ಳಕಾರ ಸರಿಯಾಗಿಯೇ ಬಿದ್ದಿದೆ.